ಎರಡನೆಯ ತೊಟ್ಟು ಎಣ್ಣೆ

ಮಹಾಯುದ್ಧದಿಂದ ಮಳವಳ್ಳಿ ಸೀಮೆಗೆ ಒದಗಿದ ಘೋರ ವಿಪತ್ತುಗಳಲ್ಲಿ ಮೊದಲನೆಯದೆಂದರೆ, ನಾಲೆ ಬದಿಯ ಮಲೇರಿಯಾ ಕ್ಯಾಂಪಿನಲ್ಲಿ ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಾಣಲೆಂದು ಗಾಜಿಗೆ ಬಿಡುವ ಎಣ್ಣೆ ಮುಗಿಯುತ್ತ ಬಂದದ್ದು. ರಕ್ತ ಸವರಿದ ಗಾಜೊಂದಕ್ಕೆ ಒಂದೇ ತೊಟ್ಟು ಎಂದು ಹುಕುಂ ಆಯಿತು. ಜ್ವರದ ಹುಳು ಕಂಡರೆ ‘ಇದೆ’, ಕಾಣದಿದ್ದರೆ ‘ಇಲ್ಲ’ ಎಂದು ಬರೆಯಬೇಕು. ಇದ್ದವರಿಗೆ ಮಾತ್ರ ಕ್ವಿನೈನ್ ಗುಳಿಗೆ. ಬೇರೇನನ್ನೂ ನೋಡುವಂತಿಲ್ಲ. ಒಂಬತ್ತು ವರ್ಷ ಒಂದೇ ಕಣ್ಣಲ್ಲಿ ಲೋಕವನ್ನು ನೋಡಿ ದಣಿದಿದ್ದ ಕ್ಯಾಂಪಿನ ರಕ್ತಪರೀಕ್ಷಕ ಅಫ್ಸರ್ ಪಾಷಾ ತಕರಾರು ಮಾಡಲಿಲ್ಲ.

ಒಂದು ದಿನ ಬಂಡೂರಿನ ಪಟ್ಟಲಮ್ಮ ಗಂಡ ಪುಟ್ಟಮಾದಯ್ಯನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಮೈದುನ ಕರಿಯಪ್ಪ ಗಾಡಿ ಹೊಡೆಯುತ್ತಿದ್ದ. ಪುಟ್ಟಮಾದಯ್ಯನ ಎಡಪಕ್ಕೆಯ ಜ್ವರಗಡ್ಡೆ, ಎಂದರೆ ಉಬ್ಬಿದ ಗುಲ್ಮ, ಹೊಕ್ಕುಳ ದಾಟಿತ್ತು.

“ಮೂರು ತಿಂಗ್ಳಿಂದ ನಿಮ್ ಗುಳಿಗೆ ನುಂಗವ್ರೆ ಸಾಬ್ರೇ. ಕಿವಿ ಮಂದಾಯ್ತು, ಗಡ್ಡೆ ಕರಗ್ನಿಲ್ಲ. ವಸಿ ಜಾಸ್ತಿ ಕೊಟ್ಟು ಉಳಿಸ್ಕೊಡಿ.”

ಪಾಷಾ ಬೆರಳು ಚುಚ್ಚಿ, ಗಾಜಿಗೆ ಸವರಿ, ಬಣ್ಣ ಹಾಕಿ ನೋಡಿದರು. ಹುಳು ಇರಲಿಲ್ಲ. ಇದ್ದದ್ದು ಬಿಳಿಕಣಗಳ ಸಂತೆ. ಹುಕುಂ ಮರೆತು ಎರಡನೆಯ ತೊಟ್ಟು ಬಿಟ್ಟರು. ಬಿಳಿಕಣ ಮೂಳೆಯೊಳಗೆ ಬಲಿತು, ಕಸುಬು ಕಲಿತು ರಕ್ತಕ್ಕಿಳಿಯಬೇಕು; ಕಲಿತದ್ದಕ್ಕೆ ಗುರುತಾಗಿ ನಡುವಿನ ಬೀಜ ತುಂಡುತುಂಡಾಗಿ, ಸುತ್ತ ಬಣ್ಣದ ಕಾಳು ಮೂಡಿರುತ್ತದೆ. ಇವಕ್ಕೆ ಕಸುಬೂ ಇರಲಿಲ್ಲ, ಗುರುತೂ ಇರಲಿಲ್ಲ. ಮೈತುಂಬ ಒಂದೇ ದುಂಡು ಬೀಜ. ಪುಸ್ತಕ ತಿರುವಿದರೆ, ಮೂರು ತಿಂಗಳಿಂದ ಇದೇ ಹೆಸರಿನ ಮುಂದೆ ‘ಇದೆ’ ಎಂದಿತ್ತು.

“ಮುಂಚೆ ಇವರ ಹೆಸರಲ್ಲಿ ಕೊಟ್ಟ ರಕ್ತ ಯಾರದಮ್ಮ?”

“ಈ ಕರಿಯಪ್ಪುಂದು. ಮೊದ್ಲು ಇವ್ರೇ ಬಂದಾಗ ‘ಇಲ್ಲ’ ಅಂತ ಬರಿಗೈಲಿ ಕಳಿಸಿದ್ರಲ್ಲ? ಇವ್ನಿಗೆ ಚಳಿಜ್ವರ ಇತ್ತು, ಅಣ್ಣನ್ ಹೆಸ್ರೇಳು ಅಂತ ಕಳಿಸ್ದೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ರಕ್ತ ಒಂದೇ ಅಲ್ವಾ?”

“ಗುಳಿಗೆ?”

“ಗಡ್ಡೆ ಇರೋರಿಗೇ ಕೊಟ್ಟೆ.”

“ನಂಗೂ ಒಂದೆರಡು ಕೊಡ್ಬೋದಿತ್ತು ಅತ್ಗೆ,” ಎಂದ ಕರಿಯಪ್ಪ, ನೊಗ ಹಿಡಿದು ನಡುಗುತ್ತ.

“ಸುಮ್ಕಿರ್ಲಾ, ನಡುಗಾಕೆ ನಿಂಗಿನ್ನೂ ವಯಸ್ಸದೆ.”

ಮೊದಲ ಸಲವೂ ಈ ಕಣಗಳು ಇದ್ದಿರಬೇಕು. ನೋಡುವಂತಿರಲಿಲ್ಲ.

“ಪಟ್ಟಲಮ್ಮಾ, ಒಟ್ಲು ಮಡೀಲಿ ಬಲಿಯೋ ಮುಂಚೆ ಸಸಿ ಕಿತ್ತು ಗದ್ದೆ ತುಂಬಾ ಎರಚಿದ್ರೆ?”

“ತೆನೆ ಕಟ್ಟಾಕಿಲ್ಲ.”

“ಇವರ ರಕ್ತದಲ್ಲಿ ಹಾಗಾಗಿದೆ. ಇದು ಮಲೇರಿಯಾ ಅಲ್ಲ.”

“ಅದ್ಕೆ ಯಾವ್ ಗುಳಿಗೆ?”

“ಇಲ್ಲಮ್ಮ. ಮೈಸೂರಿಗೆ ಹೋದ್ರೆ ಅದರ ಹೆಸರು ಹೇಳ್ತಾರೆ, ಅಷ್ಟೇ.”

ಪಟ್ಟಲಮ್ಮ ಗಂಡನ ಪಾದಕ್ಕೆ ಕಂಬಳಿ ಎಳೆದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಗುಳಿಗೆಗಳನ್ನು ಮೈದುನನ ಕೈಗೆ ಸುರಿದಳು.

“ನುಂಗ್ಲಾ.”

ಪಾಷಾ ಪುಟ್ಟಮಾದಯ್ಯನ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದರು. ಅವನು ಹತ್ತೊಂಬತ್ತನೆಯ ದಿನ ತೀರಿಕೊಂಡ. ಕರಿಯಪ್ಪನ ಜ್ವರ ಬಿಟ್ಟಿತು.