ಎರಡ್ಬಾಗ್ಲಮ್ಮನ ಕೊನೆಯ ಸಸಿಗಳು

ನೆಟ್‌ಹೌಸಿನ ಒಳಬಾಗಿಲನ್ನು ತೆರೆದಿಟ್ಟು ಕಂಬಕ್ಕೆ ಬಿಗಿದಿದ್ದ ಹಗ್ಗದ ಗಂಟನ್ನು ಮಗಳು ಹಲ್ಲಿನಿಂದ ಬಿಚ್ಚುತ್ತಿದ್ದಳು. ಹೊರಬಾಗಿಲಿಗೂ ಯಾರೋ ಮುಚ್ಚದಂತೆ ಇಟ್ಟಿಗೆ ಒತ್ತು ಕೊಟ್ಟಿದ್ದರು. ಅಮ್ಮನ ಹೆಣ ಅಂಗಳದಲ್ಲಿತ್ತು. ಮಣ್ಣಿಗೆ ಬಂದವರು ಬಿಸಿಲು ತಾಳದೆ, ನೊಣ ನುಸುಳದ ಬಲೆ ಹೊದಿಸಿದ ಆ ಟೊಮೆಟೊ ಸಸಿಗಳ ನೆಟ್‌ಹೌಸಿನೊಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬ ಮಹಾಶಯ ಸಸಿಯ ಟ್ರೇ ಮೇಲೇ ಟೀ ಲೋಟ ಇಟ್ಟಿದ್ದ. ಅವಳಿಗೆ ಮೈಯೆಲ್ಲ ಉರಿಯಿತು.

“ಯಾರು ಕಟ್ಟಿದ್ದು ಇದನ್ನ?”

“ನಾನೇ ಕಣೆ,” ಎಂದ ಸೋದರಮಾವ. “ಬಂದೋರು ಬೆಳಗ್ಗೆಯಿಂದ ನಿಂತೇ ಇದ್ರು. ಸ್ವಲ್ಪ ಗಾಳಿ ಆಡ್ಲಿ ಅಂತ.”

“ಗಾಳಿ ಜೊತೆ ಇನ್ನೇನು ಬರುತ್ತೆ ಅಂತ ಗೊತ್ತಿಲ್ವಾ ಮಾವ?”

ಬೇಲಿಯಾಚೆ, ಕೊಯ್ಲು ಮುಗಿದರೂ ಕೀಳದೆ ಬಿಟ್ಟ ಟೊಮೆಟೊ ಹೊಲವಿತ್ತು. ಎಲೆಗಳೆಲ್ಲ ರೋಗ ಬಡಿದು ಮುದುಡಿ ಹಳದಿಯಾಗಿದ್ದವು. ಗಿಡ ಅಲುಗಿದರೆ ಸಾಕು, ಹಿಟ್ಟು ಕೊಡವಿದಂತೆ ಬಿಳಿನೊಣ ಏಳುತ್ತಿತ್ತು. ಅವಳು ಕೈಗೆಟುಕಿದ ಸಸಿಯ ಎಲೆ ಮಗುಚಿ ನೋಡಿದಳು. ಆಗಲೇ ನಾಲ್ಕು ಕೂತಿದ್ದವು.

*

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಮ್ಮನೇ ಬಾಗಿಲು ಹಾಕಲು ಮರೆತಿದ್ದಳು. ಸಸಿ ನಳನಳಿಸುತ್ತಿತ್ತು, ರೈತರಿಗೆ ಕೊಟ್ಟುಬಿಟ್ಟಳು. ಮೂರು ವಾರಕ್ಕೆ ಒಬ್ಬ ರೈತ ಮುದುಡಿದ ಗಿಡವೊಂದನ್ನು ತಂದು ಅವಳ ಊಟದ ಮೇಜಿನ ಮೇಲಿಟ್ಟು ಹೋದ. ಅಮ್ಮ ಸಸಿ ಒಯ್ದವರ ಹೊಲ ಹೊಲ ತಿರುಗಿದಳು. ಬೆಳಗಿನ ತಂಪಿನಲ್ಲಿ, ನೊಣ ಹಾರುವ ಮೊದಲು, ರೋಗದ ಗಿಡಕ್ಕೆ ಚೀಲ ಕವಿಚಿ ತಾನೇ ಕಿತ್ತಳು. ಆಮೇಲೆ ಎರಡನೇ ಬಾಗಿಲು ಬಂತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಳು ಎಂದು ನೆರೆಯವರು ನಕ್ಕರು, ಎರಡ್ಬಾಗ್ಲಮ್ಮ ಎಂದು ಹೆಸರಿಟ್ಟರು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆದರೆ ಮಂತ್ರಿಗೂ ಬೈಗುಳ ತಪ್ಪುತ್ತಿರಲಿಲ್ಲ.

*

“ಇಷ್ಟಕ್ಕೆಲ್ಲ ಯಾಕಮ್ಮ ಗಾಬರಿ?” ಕುರ್ಚಿಯಿಂದೇಳದೆ ಹೇಳಿದ ಕೀಟನಾಶಕದ ಅಂಗಡಿಯವನು. “ಒಂದ್ಸಲ ಔಷಧಿ ಹೊಡೆದ್ರಾಯ್ತು.”

“ನೊಣ ಸಾಯುತ್ತೆ. ಅದು ಚುಚ್ಚಿ ಬಿಟ್ಟ ರೋಗ ಸಾಯುತ್ತಾ?”

ಮಾವ ಹತ್ತಿರ ಬಂದು ದನಿ ತಗ್ಗಿಸಿದ. “ನಾಳೆ ಸಸಿ ಒಯ್ಯೋಕೆ ಬರ್ತಾರೆ. ನೋಡೋಕೆ ಚೆನ್ನಾಗೇ ಇವೆಯಲ್ಲ, ಯಾರಿಗೆ ಗೊತ್ತಾಗುತ್ತೆ? ನಿಮ್ಮಮ್ಮನ ಕೈಯಿಂದ ಬೆಳೆದ ಕೊನೇ ಸಸಿ ಅಂತ ಕಣ್ಣಿಗೊತ್ಕೊಂಡು ಒಯ್ತಾರೆ.”

ಹೆಣ ಇನ್ನೂ ಎತ್ತಿಲ್ಲ, ಆಗಲೇ ಸತ್ತವಳ ಹೆಸರಿನಲ್ಲಿ ರೋಗ ಹಂಚಲು ಹೊರಟಿದ್ದಾನೆ ಈ ಮನುಷ್ಯ! ಆದರೆ ಇವಿಷ್ಟೂ ಸಸಿ ಹೋದರೆ ಇನ್ನು ಮುಂದೆ ನರ್ಸರಿ ನಡೆಸಬೇಕಾದ ಅವಳಿಗೆ ಈ ಹಂಗಾಮಿನಲ್ಲಿ ಬೇರೆ ಗತಿಯಿರಲಿಲ್ಲ. ಯಾರಿಗೆ ಗೊತ್ತಾಗುತ್ತೆ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು. ಮಾವನಿಗಿಂತ ತನ್ನ ಮೇಲೇ ಹೆಚ್ಚು ಅಸಹ್ಯವಾಯಿತು.

“ಏಳಿ ಎಲ್ರೂ. ಹೊರಗೆ ನಡೀರಿ.”

ಹೊರಡುವ ಹೊತ್ತಾಯಿತೆಂದು ಅಂಗಳದಿಂದ ಎರಡು ಸಲ ಕರೆದರು. ಅವಳು ಬರಲಿಲ್ಲ. ಅಮ್ಮನನ್ನು ಹೆಗಲಿಗೇರಿಸಿಕೊಂಡವರು ನೆಟ್‌ಹೌಸಿನ ಎದುರು ಬಂದು ಕಾದು ನಿಂತರು. ಬಲೆಯೊಳಗೆ ಅವಳು ಮಂಡಿಯೂರಿ ಟ್ರೇಗಳ ಮೇಲೆ ಕರಿ ಪ್ಲಾಸ್ಟಿಕ್ ಎಳೆದು, ಸಸಿಯೂ ನೊಣವೂ ಕಾವಿಗೆ ಒಳಗೇ ಸಾಯಲೆಂದು ಅಂಚಿಗೆಲ್ಲ ಮಣ್ಣು ಮುಚ್ಚುತ್ತಿದ್ದಳು. ಅಡಿಯಲ್ಲಿ ಸಸಿಗಳ ತುದಿಗಳು ಇನ್ನೂ ನೆಟ್ಟಗೆ ನಿಂತು ಆ ತೆಳು ಹಾಳೆಯನ್ನು ಮೇಲೆತ್ತಿ ಹಿಡಿದಿದ್ದವು. ಅವಳು ಎರಡೂ ಅಂಗೈಯಿಂದ ಅವನ್ನು ಒತ್ತಿ ಮಲಗಿಸುತ್ತ ಸಾಲಿನುದ್ದಕ್ಕೂ ಮುಂದೆ ಸರಿದಳು.