ಮಿಸ್ ವಿಲ್ಮಾಗೆ ಒಂದು ಎಲೆ

ತುಳುವರ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ದಿನ ಅಡುಗೆಯ ಉಪ್ಪು ನೋಡುವಂತಿಲ್ಲ. ಅವರು ಉಣ್ಣುವ ಮೊದಲು ಅದು ಯಾರ ನಾಲಗೆಗೂ ತಾಗಬಾರದು. ಪ್ರೇಮಾವತಿ ಮದುವೆಯಾದ ವರ್ಷದಿಂದ ಈ ಕ್ರಮವನ್ನು ನಡೆಸಿಕೊಂಡು ಬಂದಿದ್ದಳು. ಅಮೆರಿಕದ ಮಾರಿಸ್‌ವಿಲ್ಲಿನ ಟೌನ್‌ಹೌಸಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಜುಲೈ ಕೊನೆಯ ಒಂದು ಭಾನುವಾರ ತೀರಿಹೋದ ಅತ್ತೆ ಮಾವಂದಿರಿಗೆ ಎರಡು ಎಲೆ ಹಾಕಿ, ಕೋಳಿ ಸಾರು, ಅಕ್ಕಿಯ ಒಣರೊಟ್ಟಿ ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಬಂದು, ಅದೇ ಎಲೆಯಿಂದ ಮನೆಯವರು ಉಣ್ಣುವುದು. ಈ ವರ್ಷ ಮೂರನೆಯ ಎಲೆಯೊಂದನ್ನು ಹಾಕಬೇಕೆಂದು ಅವಳು ನಿಶ್ಚಯಿಸಿದ್ದಳು. ಅದು ಪಕ್ಕದ ಮನೆಯ ಮಿಸ್ ವಿಲ್ಮಾಗೆ.

ವಿಲ್ಮಾ ಡರ್ಹಮ್ಮಿನ ಕಾಲುಚೀಲದ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪ್ರೇಮಾವತಿ ಹೊಸದಾಗಿ ಬಂದಾಗ, ಗಂಡ ಕರುಣಾಕರ ಔಷಧ ಕಂಪನಿಯ ಲ್ಯಾಬಿನಲ್ಲಿ ಭಾನುವಾರವೂ ಕೆಲಸಕ್ಕಿರುತ್ತಿದ್ದ. ಒಂಟಿಯಾಗಿ ಕೂತವಳನ್ನು ವಿಲ್ಮಾ ಕರೆದು ತಮ್ಮ ಮೇಜಿಗೆ ಕೂರಿಸಿಕೊಂಡರು. ಭಾನುವಾರ ಮಧ್ಯಾಹ್ನ ಮಾಂಸದ ರೋಸ್ಟ್ ಆಗಲೇಬೇಕು, ಅದು ಅವರ ತಾಯಿಯ ಕಾಲದಿಂದ ಬಂದದ್ದು. ಈ ಹುಡುಗಿ ದನದ ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ಅವರು ಇಡೀ ಕೋಳಿಯನ್ನೇ ಓವನ್ನಿಗಿಡತೊಡಗಿದರು. ಆದರೆ ತಾಯಿಯಂತೆ ಬೆಳಗಿನಿಂದ ಒಲೆಯ ಮುಂದೆ ಇರುತ್ತಿರಲಿಲ್ಲ. ಕೋಳಿಯ ಮೇಲೆ ಈರುಳ್ಳಿ ಸೂಪಿನ ಪುಡಿ, ಅದರ ಮೇಲೆ ಡಬ್ಬಿಯ ಅಣಬೆ ಸೂಪು, ಪೊಟ್ಟಣದ ಪುಡಿಗೆ ಬಿಸಿನೀರು ಹೊಯ್ದರೆ ಆಲೂಗಡ್ಡೆ, ಬಾಟಲಿಯ ಗ್ರೇವಿ. ಮಿಲ್ಲಿನಲ್ಲಿ ಮೂವತ್ತು ವರ್ಷ ನಿಂತದ್ದು ಸಾಕು, ಗ್ರೇವಿಗಾಗಿ ಇನ್ನು ನಿಲ್ಲಲಾರೆ ಎಂದು ನಗುತ್ತಿದ್ದರು.

ಕಳೆದ ಫೆಬ್ರವರಿಯಲ್ಲಿ ಒಂದು ಭಾನುವಾರ ತಿಂಗಳ ಸಂಕ್ರಾಂತಿ ಬಿತ್ತು. ಸಂಕ್ರಾಂತಿಗೆ ಪ್ರೇಮಾವತಿ ಮಾಂಸ ಮುಟ್ಟುವುದಿಲ್ಲ. ಅದನ್ನು ವಿವರಿಸುವುದು ಕಷ್ಟವೆನಿಸಿ, ಮೈ ಹುಷಾರಿಲ್ಲ ಎಂದು ಫೋನು ಮಾಡಿದಳು. ಸಂಜೆ ವಿಲ್ಮಾ ಕೋಲೂರಿಕೊಂಡು ಬಂದು, ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆಯೊಂದನ್ನು ಕೊಟ್ಟು ಹೋದರು. ಅದು ಫ್ರಿಜ್ಜಿನಲ್ಲಿ ಹಿಂದೆ ಸರಿದು ಮರೆತುಹೋಯಿತು. ವಾರದ ಕೊನೆಗೆ ಕಸಕ್ಕೆ ಹೋಯಿತು. ಹೇಗಿತ್ತು ಎಂದು ವಿಲ್ಮಾ ಕೇಳಿದಾಗ, ತುಂಬ ಚೆನ್ನಾಗಿತ್ತು, ಒಂದು ಚೂರೂ ಬಿಡಲಿಲ್ಲ ಎಂದು ಪ್ರೇಮಾವತಿ ಹೇಳಿಬಿಟ್ಟಳು. ಮಾರ್ಚಿನ ಎರಡನೆಯ ವಾರ ವಿಲ್ಮಾ ನಿದ್ದೆಯಲ್ಲೇ ತೀರಿಕೊಂಡರು. ಮತ್ತೆ ಒಂದು ಭಾನುವಾರ ಅವರ ಮೇಜಿಗೆ ಹೋಗಿ, ತಟ್ಟೆ ಖಾಲಿ ಮಾಡಿ, ನಿಜ ಹೇಳಿಬಿಡಬೇಕೆಂದು ಅವಳು ಅಂದುಕೊಂಡದ್ದು ಹಾಗೆಯೇ ಉಳಿಯಿತು. ಈ ವಿಷಯ ಕರುಣಾಕರನಿಗೂ ಗೊತ್ತಿರಲಿಲ್ಲ.

ಮೂರನೆಯ ಎಲೆಯ ಮಾತು ಕೇಳಿ ಅವನು ಪೇಪರಿನಿಂದ ತಲೆ ಎತ್ತಿದ.

"ಇಷ್ಟು ದೂರ ನನ್ನ ಅಪ್ಪ ಅಮ್ಮನೇ ಬರ್ತಾರೋ ಇಲ್ವೋ ಗೊತ್ತಿಲ್ಲ ಮಾರಾಯ್ತಿ. ನೀನು ಚರ್ಚಿನವರನ್ನು ಕರೆಯುದಾ?"

"ಅವರು ಬರುದು ಪಕ್ಕದ ಮನೆಯಿಂದ. ದೂರ ಎಂತದು?"

ಅವನು ಮತ್ತೆ ಪೇಪರಿಗಿಳಿದ. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಉಡುಪಿಗೆ ಫೋನು ಮಾಡಿ ಅಕ್ಕ ಜಯಾಳನ್ನು ಕೇಳಿದಳು. ಅನ್ನ ಕೊಟ್ಟವರನ್ನು ಕರೆಯಬಹುದು, ಜಾತಿ ಎಂತಕ್ಕೆ ಎಂದಳು ಜಯಕ್ಕ. ಕೋಳಿ ಚೆನ್ನಾಗಿ ಮಾಡು, ಅಷ್ಟೇ.

ಚೆನ್ನಾಗಿ ಮಾಡಬೇಕೆಂದೇ ಪ್ರೇಮಾವತಿ ಲೈಬ್ರರಿಯಿಂದ ದಪ್ಪದೊಂದು ಅಡುಗೆಯ ಪುಸ್ತಕ ತಂದಳು. ಶನಿವಾರವೇ ಕೋಳಿಯ ಕತ್ತು, ರೆಕ್ಕೆಗಳನ್ನು ಬೇಯಿಸಿ ರಸ ತೆಗೆದಿಟ್ಟಳು. ಭಾನುವಾರ ನಸುಕಿಗೆದ್ದು ಸ್ನಾನ ಮುಗಿಸಿ, ಕೋಳಿಯ ಚರ್ಮದಡಿಗೆ ಬೆಣ್ಣೆ ಸವರಿದಳು. ಮೈದಾವನ್ನು ಬೆಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಆ ರಸ ಹೊಯ್ದು, ಗಂಟಿಲ್ಲದಂತೆ ಗ್ರೇವಿ ಕದಡಿದಳು. ಆಲೂಗಡ್ಡೆ ಬೇಯಿಸಿ ಹಾಲು ಹಾಕಿ ಕಡೆದಳು. ಸತ್ತವರಿಗೆ ಡಬ್ಬಿಯದ್ದು ಬಡಿಸುವುದುಂಟೇ? ಬದುಕಿದ್ದಾಗ ಸೋತ ಕಾಲಿಗಾಗಿ ಅವರು ಬಿಟ್ಟದ್ದನ್ನೆಲ್ಲ ತಾನು ನಿಂತು ಮಾಡಿಕೊಡುತ್ತೇನೆ ಎಂಬ ಭಕ್ತಿ ಅವಳದು.

ಹತ್ತು ಗಂಟೆಯ ಸುಮಾರಿಗೆ ಓವನ್ ತೆರೆದಳು. ನಾಲಗೆಗೆ ಹಾಕುವಂತಿಲ್ಲವಾದ್ದರಿಂದ ಈ ದಿನದ ಅಡುಗೆಗೆ ಮೂಗೇ ಅವಳ ಅಳತೆ. ಒಳಗಿಂದ ಬಂದದ್ದು ಒಳ್ಳೆಯ ಪರಿಮಳ. ದೊಡ್ಡ ಹೋಟೆಲಿನ ಹಾಗುಂಟು ಎಂದು ಕರುಣಾಕರ ಮೆಟ್ಟಿಲ ಮೇಲಿನಿಂದಲೇ ಮೆಚ್ಚಿಕೊಂಡ. ಪ್ರೇಮಾವತಿ ಓವನ್ನಿನ ಬಾಗಿಲು ಹಿಡಿದುಕೊಂಡೇ ನಿಂತಳು. ಅದು ವಿಲ್ಮಾ ಅವರ ಮನೆಯ ಪರಿಮಳವಾಗಿರಲಿಲ್ಲ. ಅಲ್ಲಿ ಬಾಗಿಲು ತೆರೆದರೆ ಒಣ ಈರುಳ್ಳಿಯ ಘಾಟು, ಡಬ್ಬಿ ಸೂಪಿನ ಹಸಿ ಉಪ್ಪುವಾಸನೆ ಎದುರಿಗೆ ಬರುತ್ತಿತ್ತು.

ಊರಿನಲ್ಲಿ ಅವಳ ತಂದೆ ಕಾವ್ಯ ಓದಿಸಿ ಕೇಳುವವರು. ಚಾವಡಿಯಲ್ಲಿ ಸಂಜೆ ದಾಯಾದಿಯೊಬ್ಬ ರಾಗವಾಗಿ ಓದುತ್ತಿದ್ದ. ತಂದೆ ಕಣ್ಣು ಮುಚ್ಚಿ ಕೂರುತ್ತಿದ್ದರು, ಮಗಳು ಕಂಬಕ್ಕೊರಗಿ ಕೇಳುತ್ತಿದ್ದಳು. ಒಮ್ಮೆ ಅವನು ಸಪ್ಪೆಯಾದ ಒಂದು ಮಾತನ್ನು ಬಿಟ್ಟು, ಛಂದಸ್ಸು ಕೆಡದಂತೆ ತನ್ನದೇ ಚೆಂದದ ಮಾತೊಂದನ್ನು ಕೂರಿಸಿದ. ಯಾರಿಗೂ ತಿಳಿಯಲಿಲ್ಲ. ತಂದೆ ಕಣ್ಣು ತೆರೆದು, ನಿನ್ನ ಮಾತು ಚೆಂದವೇ ಉಂಟು, ಆದರೆ ಕವಿ ಅಲ್ಲಿಟ್ಟದ್ದು ಅದನ್ನಲ್ಲ, ಅವನದನ್ನು ಓದು ಎಂದರು. ಅವನು ಹಿಂದೆ ಹೋಗಿ ಸಪ್ಪೆ ಮಾತನ್ನೇ ಹಾಡಿದ.

ಪ್ರೇಮಾವತಿ ಓವನ್ ಆರಿಸಿ, ಅಂಗಡಿಗೆ ಹೋಗಬೇಕು, ಡ್ರೈವ್ ಮಾಡಿ ಎಂದು ಗಂಡನಿಗೆ ಹೇಳಿದಳು.

ಹಿಂದಿರುಗಿದಾಗ ಇನ್ನೊಂದು ಕೋಳಿ, ಎರಡು ಡಬ್ಬಿ, ಸೂಪಿನ ಪುಡಿ, ಆಲೂಗಡ್ಡೆಯ ಪೊಟ್ಟಣ, ಗ್ರೇವಿಯ ಬಾಟಲಿ ಇದ್ದವು. ಕರುಣಾಕರ ಒಂದು ಡಬ್ಬಿಯನ್ನೆತ್ತಿ ಲೇಬಲ್ ಓದಿದ. ತಮಾಷೆ ಮಾಡುವ ಮುಖವಿರಲಿಲ್ಲ. ಪಕ್ಕದ ಎಲೆಗಳು ಅವನ ಅಪ್ಪ ಅಮ್ಮನವು.

"ಪ್ರೇಮಾ, ಫ್ಯಾಕ್ಟರಿಯಲ್ಲಿ ಇದನ್ನು ಟೇಸ್ಟ್ ಮಾಡಿರ್ತಾರೆ, ಆಯ್ತಾ? ಬ್ಯಾಚಿಗೆ ಒಬ್ಬನಾದ್ರೂ ಇರ್ತಾನೆ. ನಿನ್ನ ಕ್ರಮದಲ್ಲಿ ಇದು ಎಂಜಲು."

ಡಬ್ಬಿ ತೆರೆಯುವ ಕೈ ನಿಂತಿತು. ಅವಳು ಅದನ್ನು ಯೋಚಿಸಿರಲಿಲ್ಲ. ಉಪ್ಪು ನೋಡದ ಅಡುಗೆ ಬಡಿಸಿದರೆ ಅದು ವಿಲ್ಮಾ ಅವರದಲ್ಲ. ವಿಲ್ಮಾ ಅವರದನ್ನು ಬಡಿಸಿದರೆ ಕ್ರಮ ಮುರಿಯುತ್ತದೆ. ಅವಳು ಕೇಳಿದಳು, "ನಿಮ್ಮ ಅಪ್ಪನಿಗೆ ಬಡಿಸುವ ರೊಟ್ಟಿ ಎಲ್ಲಿಯದ್ದು?"

"ಜಯಕ್ಕ ಕಳಿಸಿದ್ದಲ್ವಾ."

"ಜಯಕ್ಕ ಕಾಯಿಸಿದ್ದಾ?"

ಅದು ಮಂಗಳೂರಿನ ಅಂಗಡಿಯ ಪ್ಯಾಕೆಟ್ಟೆಂದು ಇಬ್ಬರಿಗೂ ಗೊತ್ತಿತ್ತು. ಕರುಣಾಕರ ಕಿವಿ ತುರಿಸಿಕೊಂಡ. ಅಪ್ಪ ಇದ್ದಾಗಲೂ ಅದೇ ಅಂಗಡಿಯದ್ದನ್ನು ತರುತ್ತಿದ್ದರು ಎಂದು ಒಪ್ಪಿಕೊಂಡ. ಹಾಗಾದರೆ ಅವರವರು ತಂದದ್ದು ಅವರವರಿಗೆ ಎಂದು ಪ್ರೇಮಾವತಿ ಡಬ್ಬಿ ತೆರೆದಳು. ಅಲ್ಲಿಂದ ಮುಂದೆ ಏನನ್ನೂ ತಿದ್ದಲಿಲ್ಲ. ವಿಲ್ಮಾ ಕರಿಮೆಣಸು ಹಾಕುತ್ತಿರಲಿಲ್ಲ, ಅವಳೂ ಹಾಕಲಿಲ್ಲ.

ಒಂದೂವರೆಗೆ ಮೂರು ಎಲೆ ಬಿದ್ದವು. ವಿಲ್ಮಾ ಎಲೆಯಲ್ಲಿ ಹೇಗೆ ತಿಂದಾರೆಂದು ಕರುಣಾಕರನೇ ತಟ್ಟೆ, ಫೋರ್ಕ್, ಚಾಕು ತಂದು ಎಲೆಯ ಮೇಲಿಟ್ಟ. ಅಪ್ಪ ಅಮ್ಮನನ್ನು ಅವನು ತುಳುವಿನಲ್ಲಿ ಕರೆದ. ಮೂರನೆಯ ಎಲೆಯ ಮುಂದೆ ಪ್ರೇಮಾವತಿ ಕೈಮುಗಿದು, ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ, ತಡೆತಡೆದು ಹೇಳಿದಳು:

"ಮಿಸ್ ವಿಲ್ಮಾ, ಊಟಕ್ಕೆ ಬನ್ನಿ. ಅವತ್ತು ನೀವು ಕೊಟ್ಟ ತಟ್ಟೆಯನ್ನು ನಾನು ತಿನ್ನಲಿಲ್ಲ. ಕಸಕ್ಕೆ ಹಾಕಿದೆ. ಚೆನ್ನಾಗಿತ್ತು ಅಂತ ಸುಳ್ಳು ಹೇಳಿದೆ."

ಗಂಡ ತನ್ನತ್ತ ತಿರುಗಿದ್ದು ಅವಳಿಗೆ ಗೊತ್ತಾಯಿತು. ಅವಳು ಬಾಗಿಲೆಳೆದುಕೊಂಡಳು.

ಹೊರಗೆ ಬಿಸಿಲು ಕಾಯುತ್ತಿತ್ತು. ವಿಲ್ಮಾ ಅವರ ಮನೆಗೆ ಬಂದ ಹೊಸಬರು ಕಾರು ತೊಳೆಯುತ್ತಿದ್ದರು. ಇವರು ತಮ್ಮದೇ ಮನೆಯ ಮುಂದೆ ಬರಿಗಾಲಲ್ಲಿ ನಿಂತದ್ದನ್ನು ನೋಡಿ ಕೈ ಬೀಸಿದರು.

"ನನಗೆ ಎಂತಕ್ಕೆ ಹೇಳ್ಲಿಲ್ಲ?" ಎಂದ ಕರುಣಾಕರ.

"ಹೇಳಿದ್ರೆ ನೀವು ಪರ್ವಾಗಿಲ್ಲ ಅಂತಿದ್ರಿ."

ಅವನು ಪ್ರತಿ ವರ್ಷದಷ್ಟು ಹೊತ್ತು ಕಳೆದ ಮೇಲೆ ಬಾಗಿಲು ತಟ್ಟಲು ಕೈ ಎತ್ತಿದ. ಪ್ರೇಮಾವತಿ ಅವನ ಮಣಿಕಟ್ಟು ಹಿಡಿದಳು.

"ಇನ್ನೂ ಸ್ವಲ್ಪ ನಿಲ್ಲುವ. ಅವರದ್ದು ಕಟ್ಟಿಸಿದ ಹಲ್ಲು, ನಿಧಾನ ತಿನ್ನುದು."

ಇಬ್ಬರೂ ಇನ್ನೊಂದು ಕಾಲುಗಂಟೆ ನಿಂತರು.

ಒಳಗೆ ಬಂದು ಅವನು ಅಪ್ಪನ ಎಲೆಗೆ ಕೂತ, ಅವಳು ಮೂರನೆಯದಕ್ಕೆ. ಕೋಳಿ ಎಲುಬು ಬಿಡುವಷ್ಟು ಮೆತ್ತಗಾಗಿತ್ತು. ಗ್ರೇವಿ ಉಪ್ಪಾಗಿತ್ತು, ಆಲೂಗಡ್ಡೆ ನಾಲಗೆಗೆ ಅಂಟುತ್ತಿತ್ತು. ಕರುಣಾಕರ ಎರಡು ಗ್ರೇವಿಯನ್ನೂ ಬೆರಳಲ್ಲಿ ನೆಕ್ಕಿ ನೋಡಿ, ಬೆಳಗ್ಗೆ ನೀನು ಮಾಡಿದ್ದೇ ಒಳ್ಳೆಯದುಂಟಲ್ಲ ಎಂದ. ಹೌದು ಎಂದಳು ಪ್ರೇಮಾವತಿ. ಫೋರ್ಕ್ ಬದಿಗಿಟ್ಟು, ಕೈಯಿಂದಲೇ, ಎಲುಬಿನ ಸಂದಿಯಲ್ಲಿ ಉಳಿದದ್ದನ್ನೂ ಬಿಡಿಸಿಕೊಂಡು ಅವಳು ತಟ್ಟೆ ಮುಗಿಯುವವರೆಗೆ ಉಂಡಳು.