ಹತ್ತದೆ ಉಳಿದ ತಿರುವುಗಳು

ಮದುವೆಯಾದಂದಿನಿಂದ ಲಾಂಡ್ರಿಯೊಂದನ್ನೇ ನಂಬಿಕೊಂಡು ಬಂದ ಗಂಡ ಹೆಂಡತಿ ಅಂಗಡಿಯನ್ನು ಮಗಳ ಕೈಗೊಪ್ಪಿಸಿ, ಎರಡು ಸೈಕಲ್ಲಿಗೆ ಚೀಲ ಬಿಗಿದು ಬೆಟ್ಟಗಳ ಕಡೆ ಹೊರಟಾಗ ಬೀದಿಯವರು ಮುಸಿಮುಸಿ ನಕ್ಕರು. ಮಗಳಿಗೆ ಮಾತ್ರ ನಗು ಬರಲಿಲ್ಲ.

"ಅಮ್ಮ, ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಅಪ್ಪನಿಗಾದ್ರೂ ಬುದ್ಧಿ ಹೇಳಬಾರದಾ?"

"ನಿಮ್ಮಪ್ಪನಿಗೆ ಬುದ್ಧಿ ಇದ್ದಿದ್ರೆ ನನ್ನನ್ನ ಕಟ್ಕೋತಿದ್ರಾ?" ಎಂದು ಆಕೆ ಪೆಡಲ್ ತುಳಿದೇಬಿಟ್ಟಳು.

ಬೆಟ್ಟದ ಹುಚ್ಚು ಆಕೆಯದೇ. ಅಷ್ಟೂ ವರ್ಷ ಬಾಯ್ಲರಿನ ಪಕ್ಕ ಹಬೆಯಲ್ಲಿ ಬೆಂದವಳು. ಒದ್ದೆ ಚಾದರಗಳ ಹೊರೆ ಎತ್ತಿ ಹಾಕಿ ಹಾಕಿ ಬೆವರು ಕಣ್ಣಿಗಿಳಿದಾಗಲೆಲ್ಲ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅಲ್ಲಿ ಕಾಣುತ್ತಿದ್ದದ್ದು ಎದುರು ಮನೆಯ ಗೋಡೆ, ಅದರ ಮೇಲೊಂದು ತುಂಡು ಆಕಾಶ. ತಣ್ಣಗಿನ ಗಾಳಿ ಬೀಸುವ ಎತ್ತರದ ಜಾಗಕ್ಕೆ ತನ್ನ ಕಾಲಿನ ಬಲದಿಂದಲೇ ಹತ್ತಿ ಹೋಗಬೇಕೆನ್ನುವ ಆಸೆ ಹುಟ್ಟಿದ್ದು ಅಲ್ಲೇ. ಆತನಿಗೆ ಅಂಥ ಆಸೆಯೇನೂ ಇರಲಿಲ್ಲ. ಆಕೆ ಎಲ್ಲಿಗೆ ಹೊರಟರೂ ಹಿಂದೆ ಹೊರಡುವುದು ಆತನಿಗೆ ಅಭ್ಯಾಸವಾಗಿತ್ತು, ಅಷ್ಟೇ.

ದಾರಿಯಲ್ಲೂ ಹಾಗೇ. ಆಕೆ ಮುಂದೆ, ಆತ ಹಿಂದೆ. ಏರು ಬಂದಾಗ ಆಕೆ ಜೋರಾಗಿ ಮಾತಾಡುತ್ತ ಹತ್ತುತ್ತಿದ್ದಳು. ಏದುಸಿರು ಬಿಡುತ್ತಿದ್ದ ಆತ "ಹೂಂ" ಎಂದರೆ ಅದೇ ದೊಡ್ಡದು. ತಂಗಿದಲ್ಲೆಲ್ಲ ಆತ ಇಬ್ಬರ ಬಟ್ಟೆಯನ್ನೂ ಒಗೆದು, ಒಣಗಿಸಿ, ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದ. "ಬೆಟ್ಟಕ್ಕೆ ಬಂದ್ರೂ ಕೈ ಸುಮ್ನಿರಲ್ವಲ್ಲ ನಿಮ್ದು" ಎಂದು ಆಕೆ ನಗುತ್ತಿದ್ದಳು.

ಎರಡು ಕಣಿವೆ ದಾಟುವ ಹೊತ್ತಿಗೆ ಆಕೆಯ ಬಲಮಂಡಿ ನೋಯತೊಡಗಿತ್ತು. ಆಕೆ ಬಾಯಿ ಬಿಡಲಿಲ್ಲ. ಎಲ್ಲಕ್ಕಿಂತ ಎತ್ತರದ ಘಾಟಿಯ ಬುಡದಲ್ಲಿದ್ದ ಸಣ್ಣ ಪೇಟೆಗೆ ಬಂದು, ಒಂದು ವಸತಿಗೃಹದ ಮಹಡಿಯಲ್ಲಿ ಕೋಣೆ ಹಿಡಿದರು. ಬೆಳಿಗ್ಗೆ ಎದ್ದರೆ ಮಂಡಿ ಕುಂಬಳಕಾಯಿಯಂತೆ ಊದಿತ್ತು. ಮೆಟ್ಟಿಲಿಳಿಯಲು ಆತನ ಹೆಗಲೇ ಬೇಕಾಯಿತು.

ಪೇಟೆಯ ಡಾಕ್ಟರು ಮಂಡಿಯನ್ನು ಆ ಕಡೆ ಈ ಕಡೆ ಒತ್ತಿ ನೋಡಿ, "ನಡೆಯಬಹುದು. ಏರು ತುಳಿಯೋದು ಮಾತ್ರ ಇನ್ನು ಆಗಲ್ಲ" ಎಂದರು.

"ಎಷ್ಟು ದಿನ?"

"ದಿನ ಅಲ್ಲ ತಾಯಿ. ಸವೆದುಹೋಗಿದೆ."

ಕೋಣೆಗೆ ಬಂದ ಮೇಲೆ ಆಕೆ ಬಹಳ ಹೊತ್ತು ಕಿಟಕಿಯ ಹತ್ತಿರ ಕೂತಿದ್ದಳು. ಅಲ್ಲಿಂದ ಘಾಟಿಯ ಕೆಳಗಿನ ತಿರುವುಗಳು ಬಿಡಿಸಿಟ್ಟಂತೆ ಕಾಣುತ್ತಿದ್ದವು. ಆತ ಚೀಲ ಕಟ್ಟತೊಡಗಿದ.

"ಏನು ಮಾಡ್ತಿದ್ದೀರಿ?"

"ಊರಿಗೆ ಹೊರಡೋಣ."

"ನಾಳೆ ನೀವು ಹತ್ತಿ. ಆ ಕಡೆ ಇಳಿದು ಬಸ್ಸಲ್ಲಿ ವಾಪಸ್ ಬನ್ನಿ. ಕಂಡಿದ್ದನ್ನೆಲ್ಲ ಒಂದೂ ಬಿಡದೆ ನನಗೆ ಹೇಳಿ."

"ನೀನಿಲ್ದೆ ನಾನ್ಯಾಕೆ ಹೋಗ್ಲಿ?"

"ನನಗೋಸ್ಕರ ಹೋಗಿ."

ಆತ ಹೋದ. ಬೆಳಗಿನ ಬಿಸಿಲಿನಲ್ಲಿ ಆತನ ಸೈಕಲ್ ಒಂದೊಂದೇ ತಿರುವು ಏರುವುದನ್ನು ಆಕೆ ಕಿಟಕಿಯಿಂದ ನೋಡಿದಳು. ಚುಕ್ಕೆಯಷ್ಟಾಗಿ, ಬಂಡೆಯ ಮರೆಗೆ ಸರಿಯಿತು. ಆಕೆಗೆ ದುಃಖಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಕಟ್ಟಿಕೊಂಡ ಗಂಡನ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನನ್ನೇ ಬೈದುಕೊಂಡಳು. ಕುಂಟುತ್ತ ಕೆಳಗಿಳಿದು, ಶೆಡ್ಡಿನಲ್ಲಿದ್ದ ತನ್ನ ಸೈಕಲ್ಲಿನ ಚೈನು ಒರೆಸಿ ಎಣ್ಣೆ ಬಿಟ್ಟಳು. ಹಿಂಚಕ್ರವನ್ನು ಎತ್ತಿ ಕೈಯಿಂದ ಪೆಡಲ್ ತಿರುಗಿಸಿದಳು. ಚಕ್ರ ಸುಯ್ಯೆಂದು ತಿರುಗಿತು. ನಿಂತಿತು. ಮತ್ತೆ ತಿರುಗಿಸಿದಳು.

ವಸತಿಗೃಹದ ಒಡತಿ ಬಾಗಿಲಲ್ಲಿ ನಿಂತು ನೋಡಿದಳು. "ಯಜಮಾನರು ಬರೋವರೆಗೂ ಒಬ್ಬರಿಗೇ ಬೇಜಾರಾ?"

"ಅವರು ಬರ್ತಾರೆ ಬಿಡಿ," ಎಂದಳು ಆಕೆ, ಚಕ್ರದ ಮೇಲಿಂದ ಕಣ್ಣು ತೆಗೆಯದೆ.

ಅತ್ತ ಘಾಟಿಯಲ್ಲಿ ಆತನಿಗೆ ದಾರಿ ಸಾಗಲೇ ಇಲ್ಲ. ಕಾಲು ಸೋತಿರಲಿಲ್ಲ; ಮುಂದೆ ಆಕೆಯ ಬೆನ್ನಿಲ್ಲದ ರಸ್ತೆ ಬೋಳುಬೋಳಾಗಿತ್ತು. ಅಷ್ಟೆತ್ತರದಿಂದ ಒಂದು ಝರಿ ಬೀಳುತ್ತಿತ್ತು. "ಇವಳೇ, ನೋಡಿಲ್ಲಿ" ಎಂದುಬಿಟ್ಟ. ತನ್ನ ದನಿಗೆ ತಾನೇ ಬೆಚ್ಚಿದ. ಸುಣ್ಣ ಬಳಿದ ಒಂದು ಮೈಲಿಗಲ್ಲಿನ ಮೇಲೆ ಕೂತು ರೊಟ್ಟಿಯ ಪೊಟ್ಟಣ ಬಿಚ್ಚಿದ; ತಿನ್ನದೆ ಮತ್ತೆ ಕಟ್ಟಿಟ್ಟ. ಎದ್ದವನು ಸೈಕಲ್ ತಿರುಗಿಸಿದ.

ಮಧ್ಯಾಹ್ನ ಕೋಣೆಯ ಬಾಗಿಲಲ್ಲಿ ಆತನನ್ನು ಕಂಡು ಆಕೆಯ ಮುಖ ಬಿಗಿಯಿತು.

"ಅರ್ಧಕ್ಕೇ ಬಂದ್ರಾ?"

"ಮುಕ್ಕಾಲು."

"ಯಾಕೆ?"

"ನಿನ್ನ ಬಿಟ್ಟು ನೋಡೋಕೆ ಮನಸ್ಸು ಬರ್ಲಿಲ್ಲ."

ಆಕೆ ಕರಗಲಿಲ್ಲ. ಸಿಟ್ಟಿನಿಂದ ಅತ್ತುಬಿಟ್ಟಳು. "ನನ್ನ ಕಾಲು ಹೋಯ್ತು, ನಿಮ್ಮದಿತ್ತಲ್ಲ! ಇಬ್ಬರಲ್ಲಿ ಒಬ್ಬರಾದ್ರೂ ಮುಟ್ಟಿದ್ರೆ ನಾನೂ ಮುಟ್ಟಿದ ಹಾಗಾಗ್ತಿತ್ತು. ಅಷ್ಟೂ ಅರ್ಥ ಆಗ್ಲಿಲ್ವಾ ನಿಮಗೆ?"

ಆತ ಬೆವರಿನ ಅಂಗಿ ಬಿಚ್ಚಿ ಬಚ್ಚಲಿಗೆ ಹೋದ. ಒಗೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮರುದಿನ ಒಡತಿಯೇ ಒಂದು ದಾರಿ ಹುಡುಕಿದಳು. ಹಾಲಿನ ಕ್ಯಾನು ಒಯ್ಯುವ ಲಾರಿಯೊಂದು ಘಾಟಿ ಹತ್ತಿ ಹೋಗುತ್ತಿತ್ತು. "ತುದಿಯಲ್ಲಿ ಇಳಿಸ್ತಾನೆ. ಆಮೇಲೆ ಬರೀ ಇಳಿಜಾರು. ತುಳಿಯೋದೇ ಬೇಡ."

ಡ್ರೈವರು ಸೈಕಲ್ಲುಗಳನ್ನು ಕ್ಯಾನುಗಳ ನಡುವೆ ಮಲಗಿಸಿ, ಇಬ್ಬರನ್ನೂ ಮುಂದೆ ಕೂರಿಸಿಕೊಂಡ. ಮೊದಲ ತಿರುವು ಬರುತ್ತಲೇ ಆಕೆ ಕಣ್ಣು ಮುಚ್ಚಿಕೊಂಡಳು.

"ತಲೆ ಸುತ್ತುತ್ತಾ ಅಮ್ಮ?" ಎಂದು ಕೇಳಿದ ಡ್ರೈವರು.

"ಇಲ್ಲಪ್ಪ. ಹತ್ತದೆ ಇರೋದನ್ನ ನೋಡಲ್ಲ."

ಡ್ರೈವರು ಆತನ ಮುಖ ನೋಡಿದ. ಆತ ಕಿಟಕಿಯಾಚೆ ನೋಡಿದ. ನಿನ್ನೆ ಕೂತಿದ್ದ ಮೈಲಿಗಲ್ಲು ಹಿಂದಾದಾಗ ಆತನೂ ಕಣ್ಣು ಮುಚ್ಚಿದ.

ತುದಿಯಲ್ಲಿ ಗಾಳಿ ಸೀಳುವಂತಿತ್ತು. ಆಕೆ ಅದಕ್ಕೆ ಮುಖವೊಡ್ಡಿ, ಬಾಯಿ ತೆರೆದು ನಿಂತಳು. ಆಚೆ ಕಡೆ ಕಣಿವೆಯ ಮೇಲೆ ಕಣಿವೆ, ನೀಲಿಯ ಮೇಲೆ ನೀಲಿ. ಇಬ್ಬರೂ ಪೆಡಲಿನ ಮೇಲೆ ಕಾಲು ಸುಮ್ಮನಿಟ್ಟು, ಬ್ರೇಕು ಹಿಡಿದು ಬಿಟ್ಟು ಇಳಿದರು. ಒಂದು ತಿರುವಿನಲ್ಲಿ ಆಕೆ ಕೂಗಿಕೊಂಡೇ ಹೋದಳು. ಸಂತೋಷಕ್ಕೋ ಸಂಕಟಕ್ಕೋ, ಹಿಂದಿದ್ದ ಆತನಿಗೆ ತಿಳಿಯಲಿಲ್ಲ.

ಸಂಜೆ ಕೆಳಗಿನ ಹಳ್ಳಿಯಲ್ಲಿ ಹಿಡಿದ ಕೋಣೆಯಿಂದ ಅದೇ ಘಾಟಿಯ ಈ ಬದಿ ಕಾಣುತ್ತಿತ್ತು. ಆತ ಬಿಸಿನೀರಿನ ಬಟ್ಟೆ ಹಿಂಡಿ ಆಕೆಯ ಮಂಡಿಗೆ ಸುತ್ತಿದ.

"ಚೆನ್ನಾಗಿತ್ತಾ?"

"ತುಂಬಾ ಚೆನ್ನಾಗಿತ್ತು ರೀ." ಕಿಟಕಿಯಾಚೆ ಘಾಟಿಯನ್ನು ನೋಡುತ್ತ ಕೇಳಿದಳು, "ಆ ಕಡೆಯ ಏರು ಹೇಗಿತ್ತು? ಮೊದಲಿಂದ ಹೇಳಿ."

ಆತ ಎಂದೂ ಅಷ್ಟು ಮಾತಾಡಿದವನಲ್ಲ. ಹೇಳಿದ. ಮೊದಲ ತಿರುವಿನಲ್ಲಿ ಉಸಿರು ಕಟ್ಟಿದ್ದು, ಬಂಡೆಯ ಮರೆಯಲ್ಲಿ ನೆರಳು ಥಂಡಿಯಾಗಿದ್ದದ್ದು, ಝರಿಯ ನೀರು ರಸ್ತೆಗೆ ಹರಿದು ಚಕ್ರ ಜಾರಿದ್ದು, ಒಂದು ಕಡೆ ಇಳಿದು ನೂಕಿಕೊಂಡೇ ಹೋದದ್ದು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಡಿದಾದ ಜಾಗ ಬಂದಾಗ ಆಕೆಯ ತೊಡೆ ಆತನ ಕೈ ಕೆಳಗೆ ಬಿಗಿಯಾಗುತ್ತಿತ್ತು.

"ಆಮೇಲೆ?"

"ಆಮೇಲೆ ಮೈಲಿಗಲ್ಲು. ಅಲ್ಲಿಂದ ವಾಪಸ್ ಬಂದೆ. ಅದರಾಚೆಯದ್ದನ್ನ ಲಾರಿಯಲ್ಲೂ ನೋಡಿಲ್ಲ."

"ಹೂಂ," ಎಂದಳು ಆಕೆ. ಕಣ್ಣು ತೆರೆಯಲಿಲ್ಲ.